ಮಗುವಿನ ಪಕ್ಕ ಟೀಚರ್, ಟೀಚರ್ ಪಕ್ಕ ಯಾರು?

(ಕೊಪ್ಪಳದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು ಮತ್ತು ಪಾಲಕರ ಎದುರು ಆಡಿದ ಮಾತುಗಳು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶನಿವಾರದ ಬೆಳಗಿನ ಶಾಲೆ ಮುಗಿಸಿ, ಕುಷ್ಟಗಿ, ಯಲಬುರ್ಗಾ, ಕನಕಗಿರಿ ಕಡೆಯಿಂದೆಲ್ಲ ಬಸ್ಸು ಹಿಡಿದು ಬಂದಿದ್ದೀರಿ. ಬಹಳ ಜನ ಊಟ ಕೂಡ ಮಾಡಿಲ್ಲ ಅಂತ ಗೊತ್ತು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಅವರ ಹಕ್ಕು, ಅವರ ಪ್ರಮಾಣಪತ್ರ, ಅವರ ಗಾಲಿಕುರ್ಚಿ, ಶಾಲೆಯ ಇಳಿಜಾರು. ಎಲ್ಲವೂ ಬೇಕಾದದ್ದೇ. ಆದರೆ ಆ ಮಗುವಿಗೆ ದಿನಕ್ಕೆ ಐದಾರು ತಾಸು ಪಾಠ ಮಾಡುವವರ ಬಗ್ಗೆ ಮಾತು ಕಡಿಮೆ. ನಾನು ತಾಲ್ಲೂಕು ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕಿಯಾಗಿ, ಅಂದರೆ ಇಂಥ ಮಕ್ಕಳ ಟೀಚರ್‌ಗಳಿಗೆ ಶಾಲೆಗೇ ಹೋಗಿ ನೆರವಾಗುವ ಕೆಲಸ ಮಾಡಿದವಳು. ನೀವೆಲ್ಲ ಬಿಐಇಆರ್‌ಟಿ ಅಂತ ಕರೆಯುವ ಕೆಲಸ. ಶಾಲೆಯಿಂದ ಶಾಲೆಗೆ ಹೋಗುವಾಗ ನನಗೆ ಮತ್ತೆ ಮತ್ತೆ ಕಾಣಿಸಿದ್ದು ಒಂದೇ. ಮಗುವಿನ ಪಕ್ಕ ಟೀಚರ್ ಇದ್ದಾರೆ. ಟೀಚರ್ ಪಕ್ಕ ಯಾರೂ ಇಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 1995ರ ಕಾಯ್ದೆ 7 ಬಗೆಯ ಅಂಗವಿಕಲತೆಗಳನ್ನು ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ ಬಂತು, ಕಲಿಕಾ ನ್ಯೂನತೆ ಬಂತು, ಮಾತು ಮತ್ತು ಭಾಷೆಯ ತೊಂದರೆ ಬಂತು. ಶೇ. 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮನೆ ಹತ್ತಿರದ ಸಾಮಾನ್ಯ ಶಾಲೆಗೂ ಹೋಗಬಹುದು, ವಿಶೇಷ ಶಾಲೆಗೂ ಹೋಗಬಹುದು. ಅದೇ ಕಾಯ್ದೆಯ 17ನೇ ಸೆಕ್ಷನ್ ಸರ್ಕಾರಕ್ಕೆ ಇನ್ನೊಂದು ಕೆಲಸ ಹೇಳಿದೆ. ಶಿಕ್ಷಕರಿಗೆ ತರಬೇತಿ ಕೊಡಬೇಕು, ಸನ್ನೆ ಭಾಷೆ ಮತ್ತು ಬ್ರೈಲ್ ಬಲ್ಲವರನ್ನು ನೇಮಿಸಬೇಕು, ಅವರಲ್ಲಿ ಸ್ವತಃ ಅಂಗವಿಕಲರಾದ ಶಿಕ್ಷಕರೂ ಇರಬೇಕು. ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವ ಭಾಗ ನಮ್ಮಲ್ಲಿ ಬೇಗ ಜಾರಿಗೆ ಬಂತು. ಶಿಕ್ಷಕರನ್ನು ತಯಾರು ಮಾಡುವ ಭಾಗ ಹಿಂದೆ ಉಳಿಯಿತು.

ಎಷ್ಟು ಹಿಂದೆ ಅಂತ ನೋಡಬೇಕಾದರೆ ಬಿ.ಇಡಿ. ಪಠ್ಯ ತೆಗೆಯಿರಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಬಿ.ಇಡಿ.ಯನ್ನು ಎರಡು ವರ್ಷ ಮಾಡಿತು. ಅದರ ಚೌಕಟ್ಟಿನಲ್ಲಿ ಎಲ್ಲರನ್ನೂ ಒಳಗೊಳ್ಳುವ ಶಾಲೆ ಕಟ್ಟುವುದಕ್ಕೆ ಸಿಕ್ಕಿದ್ದು ಅರ್ಧ ಪತ್ರಿಕೆ. ಪೂರ್ತಿ ಒಂದೂ ಅಲ್ಲ. 21 ಬಗೆಯ ಅಗತ್ಯಗಳು, ಅರ್ಧ ಪತ್ರಿಕೆ. ಅದನ್ನೂ ಹೆಚ್ಚಿನ ಕಡೆ ವ್ಯಾಖ್ಯೆ ಬರೆಸಿ ಮುಗಿಸುತ್ತಾರೆ. ಅದಕ್ಕೇ ನಮ್ಮ ಎಷ್ಟೋ ಟೀಚರ್‌ಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಅಂದರೇನು ಅಂತ ಬರೆಯಲು ಬರುತ್ತದೆ. ಆ ಮಗು ಎದುರಿಗೆ ಬಂದು ಕೂತಾಗ ಪೆನ್ಸಿಲ್ ಹೇಗೆ ಹಿಡಿಸಬೇಕು ಅಂತ ಗೊತ್ತಾಗುವುದಿಲ್ಲ. ಇದು ಟೀಚರ್‌ಗಳ ತಪ್ಪೇ? ಯಾರೂ ತೋರಿಸಿಕೊಡದೆ ಯಾರಿಗೆ ಬರುತ್ತದೆ?

ಹಾಗಂತ ನಮಗೆ ಏನೂ ಗೊತ್ತಿಲ್ಲ ಅಂತಲೂ ತಿಳಿಯಬೇಡಿ. ಇಲ್ಲಿ ನಲಿ-ಕಲಿ ಮಾಡಿದವರು ಕೈ ಎತ್ತಿ. ನೋಡಿ, ಮುಕ್ಕಾಲು ಜನ. 1ರಿಂದ 3ನೇ ತರಗತಿಯ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಈ ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರ ಒಳಗೆ ಏನಿದೆ? ಪ್ರತಿ ಮಗುವಿಗೂ ಕಲಿಕಾ ಏಣಿಯಲ್ಲಿ ತನ್ನದೇ ಜಾಗ. ಮಕ್ಕಳು ಗುಂಪಾಗಿ ಕೂರುವ ಜಾಗಗಳಿಗೆ ತಟ್ಟೆ ಅನ್ನುತ್ತೇವೆ. ಒಂದರಲ್ಲಿ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದರಲ್ಲಿ ಅರ್ಧ ಸಹಾಯ, ಮತ್ತೆರಡರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಸ್ವಂತ ಕಲಿಕೆ. ಒಂದು ಮಗು ಹಿಂದಿನ ಮೆಟ್ಟಿಲಲ್ಲಿದ್ದರೆ ಅದನ್ನು ದಡ್ಡ ಅನ್ನುವುದಿಲ್ಲ, ಆ ಮೆಟ್ಟಿಲಿನ ಕಾರ್ಡು ಕೊಡುತ್ತೇವೆ. ರಜೆ ಹಾಕಿ ಬಂದ ಮಗು ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ.

ವಿಶೇಷ ಶಿಕ್ಷಣದ ತರಬೇತಿಯಲ್ಲಿ ‘ವೈಯಕ್ತಿಕ ಶಿಕ್ಷಣ ಯೋಜನೆ’ ಅಂತ ದೊಡ್ಡದಾಗಿ ಹೇಳುತ್ತಾರೆ. ಮಗು ಈಗ ಎಲ್ಲಿದೆ, ಮುಂದಿನ ಚಿಕ್ಕ ಹೆಜ್ಜೆ ಯಾವುದು, ಯಾರ ಸಹಾಯದಿಂದ, ಯಾವಾಗ ನೋಡಬೇಕು. ನಲಿ-ಕಲಿ ಟೀಚರ್ ಇದನ್ನು ಮೂವತ್ತು ಮಕ್ಕಳಿಗೆ ದಿನಾ ಮಾಡುತ್ತಿದ್ದಾರೆ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಮೆಟ್ಟಿಲುಗಳನ್ನು ಇನ್ನೂ ಸಣ್ಣದು ಮಾಡಬೇಕು, ಅಷ್ಟೇ. ‘1ರಿಂದ 5ರವರೆಗೆ ಎಣಿಸು’ ಅನ್ನುವುದು ಒಂದು ಮೆಟ್ಟಿಲಾಗಿದ್ದರೆ ಅದನ್ನು ನಾಲ್ಕು ಮಾಡಿ. ಎರಡು ಕಲ್ಲು ಕೊಡು. ಎರಡು ಕಲ್ಲು ಯಾವುದು, ಒಂದು ಯಾವುದು, ತೋರಿಸು. ಮೂರು ಕಲ್ಲನ್ನು ಒಂದೊಂದಾಗಿ ಮುಟ್ಟುತ್ತಾ ಎಣಿಸು. ಆಮೇಲೆ ಐದು. ಈ ಒಡೆಯುವ ಕೆಲಸ ಒಮ್ಮೆ ಯಾರಾದರೂ ಜೊತೆಯಲ್ಲಿ ಕೂತು ಮಾಡಿ ತೋರಿಸಿದರೆ ಸಾಕು, ಮುಂದಿನದನ್ನು ಟೀಚರ್ ತಾವೇ ಮಾಡುತ್ತಾರೆ. ನಾನು ಕಂಡಿದ್ದೇನೆ. ನಮ್ಮ ಕಷ್ಟ ಶುರುವಾಗುವುದು ನಾಲ್ಕನೇ ತರಗತಿಯಿಂದ. ತಟ್ಟೆ ಹೋಗುತ್ತದೆ, ಬೆಂಚು ಬರುತ್ತದೆ. ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ವಿಶೇಷ ಅಗತ್ಯದ ಮಗು ಶಾಲೆ ಬಿಡುವ ಭಯ ಅಲ್ಲಿಂದಲೇ ಜಾಸ್ತಿ.

ಈಗ ತರಬೇತಿಯ ವಿಷಯ. ನೀವು ಯಾವ ತರಬೇತಿಗೆ ಹೋಗಿದ್ದೀರಿ ಅಂತ ನನಗೆ ಗೊತ್ತು, ಕೆಲವನ್ನು ನಾನೇ ನಡೆಸಿದ್ದೇನೆ. ಒಂದು ಹಾಲ್. ಒಂದು ಪರದೆ. ಬೆಳಿಗ್ಗೆ ಕಾಯ್ದೆ, ಮಧ್ಯಾಹ್ನ 21 ಬಗೆಗಳ ಪಟ್ಟಿ, ಸಂಜೆ ಹಾಜರಾತಿ ಸಹಿ. 2019ರಲ್ಲಿ ಕೇಂದ್ರ ಸರ್ಕಾರದ ನಿಷ್ಠಾ ಶಿಕ್ಷಕ ತರಬೇತಿ ಬಂತು. ಅದರಲ್ಲೂ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣದ ಪಾಠ ಇದೆ, ಮೊಬೈಲ್‌ನಲ್ಲೇ ನೋಡಬಹುದು. ತಿಳಿವಳಿಕೆಗೆ ಇದೆಲ್ಲ ಬೇಕು. ಆದರೆ ಸೋಮವಾರ ತರಗತಿಗೆ ಹೋದಾಗ ಎದುರಿಗೆ ಕೂತಿರುವುದು 21 ಬಗೆಯ ಪಟ್ಟಿಯಲ್ಲ. ಒಂದು ನಿರ್ದಿಷ್ಟ ಮಗು.

ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಅನ್ನುವ ಇಬ್ಬರು ಶಿಕ್ಷಣ ಸಂಶೋಧಕರು 1980ರ ದಶಕದಲ್ಲೇ ಇದನ್ನು ಹೇಳಿದ್ದರು. ಉಪನ್ಯಾಸ ಕೇಳಿದ, ಮಾದರಿ ಪಾಠ ನೋಡಿದ ಶಿಕ್ಷಕರಲ್ಲಿ ಅದನ್ನು ತಮ್ಮ ತರಗತಿಯಲ್ಲಿ ಬಳಸುವವರು ಬಹಳ ಕಡಿಮೆ. ಅವರ ತರಗತಿಗೇ ಒಬ್ಬರು ಬಂದು, ನೋಡಿ, ಜೊತೆಗೆ ಮಾಡಿ, ಮತ್ತೆ ಬಂದು ಕೇಳಿದರೆ ಬಳಸುವವರ ಸಂಖ್ಯೆ ಬಹಳ ಏರುತ್ತದೆ. ಅಂದಿನಿಂದ ನಡೆದ ಬೇರೆ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಈಜು ಕಲಿಸುವವರು ನೀರಿಗೆ ಇಳಿಯಲೇಬೇಕು, ಅಲ್ವಾ?

ತರಗತಿಗೆ ಇಳಿಯುವುದು ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕನೇ ತರಗತಿಯ ಹುಡುಗಿ. ಶಿವಮ್ಮ ಅಂತಿಟ್ಟುಕೊಳ್ಳೋಣ. ಕಿವಿ ಮಂದ. ಶಿಬಿರದಲ್ಲಿ ಎರಡೂ ಕಿವಿಗೆ ಯಂತ್ರ ಕೊಟ್ಟಿದ್ದಾರೆ. ಟೀಚರ್ ಹೇಳುತ್ತಾರೆ: “ಮಷಿನ್ ಹಾಕ್ಯಾಳ್ರಿ, ಕೇಳಿಸ್ತದ. ಆದ್ರ ಲಕ್ಷ್ಯ ಕೊಡಂಗಿಲ್ಲ, ಸುಮ್ನೆ ಕುಂದರ್ತಾಳ.” ಹಾಲ್‌ನ ತರಬೇತಿಯಲ್ಲಿ ಇದಕ್ಕೆ ಉತ್ತರ ಇಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರೆ ಉತ್ತರ ಕಣ್ಣಿಗೆ ಬೀಳುತ್ತದೆ.

ಟೀಚರ್ ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಾ ಮಾತಾಡುತ್ತಿದ್ದಾರೆ. ಅವರ ತುಟಿ ಕಾಣುತ್ತಿಲ್ಲ. ಹುಡುಗಿ ಫ್ಯಾನಿನ ಕೆಳಗೆ ಕೂತಿದ್ದಾಳೆ. ಶ್ರವಣ ಯಂತ್ರಕ್ಕೆ ಟೀಚರ್ ದನಿ, ಫ್ಯಾನಿನ ದನಿ ಅನ್ನುವ ಭೇದ ಅಷ್ಟಾಗಿ ತಿಳಿಯುವುದಿಲ್ಲ, ಎರಡನ್ನೂ ದೊಡ್ಡದು ಮಾಡುತ್ತದೆ. ಒಂದೆರಡು ಮೀಟರ್ ದಾಟಿದರೆ ಮಾತಿನ ಸ್ಪಷ್ಟತೆ ಹೋಗುತ್ತದೆ. ಹೊರಗೆ ಪಕ್ಕದ ತರಗತಿಯ ಮಗ್ಗಿ ಕೇಳುತ್ತಿದೆ. ನಮ್ಮ ಬಿಸಿಲಿಗೆ ಬೆವರು ಬೇರೆ. ಕಿವಿಯೊಳಗಿನ ಅಚ್ಚಿನ ನಳಿಕೆಯಲ್ಲಿ ಬೆವರು ನಿಂತರೆ ದನಿ ಒಳಗೆ ಹೋಗುವುದೇ ಇಲ್ಲ. ಕೆಲವೊಮ್ಮೆ ಬ್ಯಾಟರಿ ಮುಗಿದು ವಾರಗಳಾಗಿರುತ್ತದೆ. ಮಗು ಹೇಳುವುದಿಲ್ಲ. ಹೇಳಬೇಕು ಅಂತ ಅದಕ್ಕೆ ಗೊತ್ತೂ ಇರುವುದಿಲ್ಲ.

ಇದಕ್ಕೆ ಒಂದು ನಿಮಿಷದ ಪರೀಕ್ಷೆ ಇದೆ. ದಿನಾ ಪ್ರಾರ್ಥನೆ ಮುಗಿದ ಮೇಲೆ ಮಗುವಿನ ಹಿಂದೆ ನಿಲ್ಲಿ, ಅಥವಾ ಒಂದು ಹಾಳೆಯಿಂದ ಬಾಯಿ ಮುಚ್ಚಿಕೊಳ್ಳಿ. ಆರು ದನಿ ಹೇಳಿ: ಆ, ಈ, ಊ, ಮ್, ಶ್, ಸ್. ಒಂದೊಂದು ಕೇಳಿದಾಗಲೂ ಮಗು ಕೈ ಎತ್ತಬೇಕು. ಸಾಧ್ಯವಾದರೆ ತಿರುಗಿ ಹೇಳಬೇಕು. ಲಿಂಗ್ ಆರು ದನಿಗಳ ಪರೀಕ್ಷೆ ಅಂತ ಇದರ ಹೆಸರು. ಈ ಆರು ದನಿಗಳಲ್ಲಿ ಮಾತಿನ ತಗ್ಗು ದನಿಯಿಂದ ಏರು ದನಿಯವರೆಗೆ ಎಲ್ಲ ಬಂದುಬಿಡುತ್ತದೆ. ನಿನ್ನೆ ಆರಕ್ಕೂ ಕೈ ಎತ್ತಿದ ಮಗು ಇವತ್ತು ‘ಸ್’, ‘ಶ್’ಗೆ ಎತ್ತಲಿಲ್ಲ ಅಂದರೆ ಯಂತ್ರದಲ್ಲೋ ಕಿವಿಯಲ್ಲೋ ಏನೋ ಆಗಿದೆ. ಯಾವುದಕ್ಕೂ ಎತ್ತಲಿಲ್ಲ ಅಂದರೆ ಮೊದಲು ಬ್ಯಾಟರಿ ನೋಡಿ.

ಆ ಟೀಚರ್‌ಗೆ ಹೀಗೆ ಮೂರು ಮಾತು ಹೇಳಿದರೆ ಸಾಕು. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡಿ. ಹುಡುಗಿಯನ್ನು ಎರಡನೇ ಸಾಲಿನ ಬದಿಗೆ, ಫ್ಯಾನಿನಿಂದ ದೂರ ಕೂರಿಸಿ. ಅಲ್ಲಿಂದ ನಿಮ್ಮ ಮುಖವೂ ಕಾಣಬೇಕು, ಮಾತಾಡುವ ಬೇರೆ ಮಕ್ಕಳ ಮುಖವೂ ಕಾಣಬೇಕು. ಬೆಳಿಗ್ಗೆ ಆ ಆರು ದನಿ. ಎರಡು ವಾರ ಬಿಟ್ಟು ಮತ್ತೆ ಹೋಗಬೇಕು. ಆ ಎರಡನೇ ಭೇಟಿಯೇ ಮುಖ್ಯ. ಮೊದಲ ಭೇಟಿಯಲ್ಲಿ ಟೀಚರ್ ತಲೆ ಆಡಿಸುತ್ತಾರೆ. ಎರಡನೇ ಭೇಟಿಯಲ್ಲಿ ನಿಜವಾದ ಪ್ರಶ್ನೆ ಕೇಳುತ್ತಾರೆ.

ಆದರೆ ಆ ಎರಡನೇ ಭೇಟಿಗೆ ಯಾರು ಹೋಗಬೇಕು? ಒಂದು ತಾಲ್ಲೂಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು. ಶಾಲೆಗಳು ನೂರಾರು. ಇನ್ನೂ ಒಂದು ತೊಡಕಿದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ವಿಶೇಷ ಶಿಕ್ಷಣದ ಬಿ.ಇಡಿ. ಅಥವಾ ಡಿಪ್ಲೊಮಾ ಓದುವವರು ಸಾಮಾನ್ಯವಾಗಿ ಒಂದು ವಿಭಾಗದಲ್ಲಿ ಪರಿಣತಿ ಪಡೆಯುತ್ತಾರೆ. ಒಬ್ಬರದು ಶ್ರವಣ ದೋಷ, ಇನ್ನೊಬ್ಬರದು ದೃಷ್ಟಿ ದೋಷ, ಮತ್ತೊಬ್ಬರದು ಬೌದ್ಧಿಕ ಅಂಗವಿಕಲತೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯೂ ಹಾಗೇ ಆಗುತ್ತದೆ. ಆದರೆ ತಾಲ್ಲೂಕಿಗೆ ಬಂದ ಮೇಲೆ ಎಲ್ಲ ಬಗೆಯ ಮಕ್ಕಳೂ ಅದೇ ಒಬ್ಬರ ಪಾಲಿಗೆ. ಕಿವಿಯ ವಿಷಯ ಬಲ್ಲವರ ಮುಂದೆ ಆಟಿಸಂ ಇರುವ ಮಗು ಬರುತ್ತದೆ. ಅಂದರೆ ಟೀಚರ್ ಪಕ್ಕ ನಿಲ್ಲುವವರ ಪಕ್ಕದಲ್ಲೂ ಯಾರಾದರೂ ಬೇಕು. ಜಿಲ್ಲೆಯಲ್ಲಿ ಬೇರೆ ಬೇರೆ ಪರಿಣತಿಯವರನ್ನು ಒಂದು ತಂಡ ಮಾಡಿ, ತಾಲ್ಲೂಕಿನ ಗಡಿ ನೋಡದೆ ಪರಸ್ಪರ ಕರೆಸಿಕೊಳ್ಳುವ ವ್ಯವಸ್ಥೆ ಆಗಬೇಕು. ಇದಕ್ಕೆ ಹೊಸ ದುಡ್ಡು ಬೇಡ, ಒಂದು ಆದೇಶ ಸಾಕು ಅಂತ ನನ್ನ ಅನಿಸಿಕೆ.

ಹುದ್ದೆಗಳ ಬಗ್ಗೆ ಸುಪ್ರೀಂ ಕೋರ್ಟೇ ಮಾತಾಡಿದೆ. ವಿಶೇಷ ಶಿಕ್ಷಕರ ಹುದ್ದೆಗಳ ಕುರಿತ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಮರುವರ್ಷ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತಿದ್ದಿತು. 1ರಿಂದ 5ನೇ ತರಗತಿಯಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, 6ರಿಂದ 8ರಲ್ಲಿ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚ್‌ನಲ್ಲಿ ಕೋರ್ಟು ಮತ್ತೆ ರಾಜ್ಯಗಳಿಗೆ, ಹುದ್ದೆಗಳನ್ನು ಗುರುತಿಸಿ ಅಧಿಸೂಚನೆ ಹೊರಡಿಸಿ ಅಂತ ಹೇಳಿತು. ಈ ಸಂಖ್ಯೆಗಳನ್ನು ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಬರೆದಿಟ್ಟುಕೊಳ್ಳಿ. ಶಾಸಕರ ಹತ್ತಿರ ಕೊಠಡಿ ಕೇಳಲು ಹೋಗುತ್ತೀರಲ್ಲ, ಆಗ ಇದನ್ನೂ ಕೇಳಿ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಹುದ್ದೆಯಲ್ಲಿ, ಓದಿನಲ್ಲಿ ಮೀಸಲು ಸಿಕ್ಕಿದೆ. ನಮ್ಮೂರಿನ ಹುಡುಗ ಹುಡುಗಿಯರು ವಿಶೇಷ ಶಿಕ್ಷಣದ ಬಿ.ಇಡಿ. ಕಡೆ ನೋಡಬೇಕು. ಇಲ್ಲಿನ ಮಾತು, ಇಲ್ಲಿನ ಮನೆ ತಿಳಿದವರು ಈ ಕೆಲಸಕ್ಕೆ ಬೇಕು.

ಇಲ್ಲಿನ ಮಾತು ಅಂದೆ. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಭಾಗದ ಶಿಕ್ಷಕರಿಗೆ ಬೇರೆ ಯಾವ ಕಡೆಗಿಂತ ಜಾಸ್ತಿ ಎಚ್ಚರ ಬೇಕಾದ ಜಾಗ ಇದು.

ಕಲಿಕಾ ನ್ಯೂನತೆ ಈಗ ಪಟ್ಟಿಯಲ್ಲಿದೆ. ಎನ್‌ಸಿಇಆರ್‌ಟಿಯವರು 2022ರಲ್ಲಿ ಮಕ್ಕಳಲ್ಲಿ ಅಂಗವಿಕಲತೆಯ ಲಕ್ಷಣ ಗುರುತಿಸಲು ‘ಪ್ರಶಸ್ತ’ ಅನ್ನುವ ಆ್ಯಪ್ ತಂದಿದ್ದಾರೆ. ಮೊದಲ ಭಾಗವನ್ನು ತರಗತಿ ಶಿಕ್ಷಕರು ತುಂಬಬೇಕು, ಎರಡನೆಯದನ್ನು ವಿಶೇಷ ಶಿಕ್ಷಕರು. ಒಳ್ಳೆಯ ಸಾಧನವೇ. ಆದರೆ ಅದು ಬರೀ ಮೊದಲ ಜರಡಿ. ‘ಓದುವಾಗ ತಡವರಿಸುತ್ತಾನೆ, ಅಕ್ಷರ ತಪ್ಪು ಬರೆಯುತ್ತಾನೆ’ ಅಂತ ಗುರುತು ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಮನೆಯಲ್ಲಿ ಯಾವ ಮಾತು? ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ರಾಯಚೂರು, ಬಳ್ಳಾರಿ ಗಡಿಯ ಹಳ್ಳಿಗಳಲ್ಲಿ, ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ತೆಲುಗು. ಇನ್ನೆಷ್ಟೋ ಮನೆಗಳಲ್ಲಿ ಉರ್ದು. ಅಂಥ ಮಗುವಿಗೆ ಶಾಲೆಯ ಕನ್ನಡ ಹೊಸ ಭಾಷೆ. ಅದು ತಡವರಿಸುವುದು ಸಹಜ. ಕನ್ನಡದ ಮನೆಯ ಮಗುವೂ ‘ಧನ’ ಬರೆ ಅಂದರೆ ‘ದನ’ ಬರೆಯುತ್ತದೆ. ನಾವು ಆಡುವುದೇ ಹಾಗಲ್ವಾ? ಮಹಾಪ್ರಾಣ ಬಿಟ್ಟ ಮಗುವಿಗೆ ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕಾ ನ್ಯೂನತೆ) ಅಂತ ಹೆಸರು ಹಚ್ಚುವುದು ಅನ್ಯಾಯ.

ಎರಡನೆಯದು, ಮಗು ಶಾಲೆಯಲ್ಲಿ ಎಷ್ಟು ದಿನ ಇತ್ತು? ಸುಗ್ಗಿ ಮುಗಿದ ಮೇಲೆ ನಮ್ಮ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆ ಅಂತ ನಿಮಗೆ ಗೊತ್ತು. ಬೆಂಗಳೂರು, ಮಂಗಳೂರು, ಗೋವಾ. ಹಾಜರಿ ಪುಸ್ತಕ ನೋಡದೆ ಮಗುವಿನ ಬುದ್ಧಿಯ ಬಗ್ಗೆ ತೀರ್ಮಾನ ಮಾಡಬಾರದು. ಮೂರನೆಯದು, ಕಣ್ಣು ಕಿವಿ ಪರೀಕ್ಷೆ ಆಗಿದೆಯೇ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು, ಅಂಗನವಾಡಿಗೆ ಎರಡು ಸಲ. ಅವರು ಬಂದ ದಿನ ನಿಮ್ಮ ಅನುಮಾನದ ಮಕ್ಕಳ ಹೆಸರು ಮೊದಲೇ ಬರೆದು ಕೈಗೆ ಕೊಡಿ. ಸಾಲಾಗಿ ನಿಲ್ಲಿಸಿದರೆ ಅವರಿಗೂ ಆ ಗದ್ದಲದಲ್ಲಿ ಗೊತ್ತಾಗುವುದಿಲ್ಲ.

ಈ ಮೂರೂ ದಾಟಿದ ಮೇಲೂ ಮಗು ಬಾಯಿಮಾತಿನಲ್ಲಿ ಚುರುಕು, ಲೆಕ್ಕ ಮನಸ್ಸಿನಲ್ಲೇ ಮಾಡುತ್ತದೆ, ಆದರೆ ಒತ್ತಕ್ಷರ ಬಂದರೆ ನಿಲ್ಲುತ್ತದೆ, ನಿನ್ನೆ ಓದಿದ ಪದ ಇವತ್ತು ಹೊಸದು ಅಂತ ನೋಡುತ್ತದೆ, ಹೀಗೇ ತಿಂಗಳುಗಟ್ಟಲೆ ನಡೆಯುತ್ತದೆ. ಆಗ ಗಂಭೀರವಾಗಿ ತೆಗೆದುಕೊಳ್ಳಿ. ಅಂಥ ಮಗುವಿಗೆ ಬೈದರೂ ಹೊಡೆದರೂ ಅಕ್ಷರ ಕೂಡುವುದಿಲ್ಲ. ಕಣ್ಣಿನ ಜೊತೆ ಕಿವಿ, ಕೈ ಸೇರಬೇಕು. ಮರಳಲ್ಲಿ ಬರೆಸಿ, ಹೇಳುತ್ತಾ ಬರೆಸಿ, ಪದವನ್ನು ಚಪ್ಪಾಳೆ ತಟ್ಟಿ ಒಡೆಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಇಂಥ ರಿಯಾಯಿತಿಗಳಿಗೆ ಅವಕಾಶ ಇದೆ. ಅದಕ್ಕೆ ಪ್ರಮಾಣಪತ್ರ ಬೇಕು. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ವಾರ ಓಡಾಡಿದರೆ ಆಗುವುದಿಲ್ಲ, ಎಂಟನೇ ತರಗತಿಯಲ್ಲೇ ಶುರು ಮಾಡಿ.

ಇನ್ನೊಂದು ವಿಷಯ, ಎಲ್ಲ ಶಿಕ್ಷಕರೂ ತಪ್ಪದೇ ತಿಳಿದಿರಬೇಕಾದದ್ದು: ಮೂರ್ಛೆ. ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ ಇರುವ ಮಕ್ಕಳಲ್ಲಿ ಇದು ಜಾಸ್ತಿ. ತರಗತಿಯಲ್ಲಿ ಮಗು ಬಿದ್ದು ಒದ್ದಾಡಿದರೆ ನಮ್ಮ ಜನ ಮೊದಲು ಬೀಗದ ಕೈ ಹುಡುಕುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಚಪ್ಪಲಿ ಹಿಡಿಯುತ್ತಾರೆ. ಯಾವುದೂ ಬೇಡ. ಬಾಯಿಗೆ ಏನೂ ತುರುಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತಲಿನ ಬೆಂಚು, ಕಲ್ಲು ಸರಿಸಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಗಡಿಯಾರ ನೋಡಿ. ಹೆಚ್ಚಿನ ಸಲ ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಬರದೆ ಮತ್ತೆ ಶುರುವಾದರೆ, 108ಕ್ಕೆ ಕರೆ ಮಾಡಿ. ಪೂರ್ತಿ ಎಚ್ಚರ ಬರುವವರೆಗೆ ನೀರು ಕುಡಿಸಬೇಡಿ. ಇದು ಶಾಲೆಯ ಅಡುಗೆಯವರಿಗೂ ಗೊತ್ತಿರಬೇಕು. ಭಯಪಟ್ಟ ಟೀಚರ್ “ಈ ಮಗು ಮನೆಯಲ್ಲೇ ಇರಲಿ” ಅನ್ನುತ್ತಾರೆ. ಏನು ಮಾಡಬೇಕು ಅಂತ ಗೊತ್ತಿರುವ ಟೀಚರ್ ಹಾಗೆ ಅನ್ನುವುದಿಲ್ಲ.

ಶಿಕ್ಷಕರನ್ನು ಮೊದಲು ತಯಾರು ಮಾಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಕಣ್ಣಿಲ್ಲದ ಹುಡುಗ ಗದಿಗೆಯ್ಯನಿಗೆ ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತದ ಶಿಕ್ಷಣ ಕೊಡಿಸಿದರು. ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಇನ್ನೊಬ್ಬ ಹುಡುಗ ಪುಟ್ಟರಾಜರನ್ನು ಬೆಳೆಸಿದರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ಆಶ್ರಮ ನಡೆಸಿದರು. ನಾವು ಅವರ ಪವಾಡ ನೆನೆದು ಕೈ ಮುಗಿಯುತ್ತೇವೆ. ನಾನು ಅಲ್ಲಿ ನೋಡುವುದು ಸಾಲಾಗಿ ನಡೆದ ತಯಾರಿಯನ್ನು. ಒಬ್ಬ ಗುರುವನ್ನು ವರ್ಷಗಟ್ಟಲೆ ತಯಾರು ಮಾಡಿದರು, ಅನ್ನ ಕೊಟ್ಟರು, ಬೆನ್ನಿಗೆ ನಿಂತರು. ಆ ಗುರು ಇನ್ನೊಬ್ಬ ಗುರುವನ್ನು ತಯಾರು ಮಾಡಿದರು. ಸೆಕ್ಷನ್ 17 ಅಂಗವಿಕಲ ಶಿಕ್ಷಕರನ್ನೂ ನೇಮಿಸಿ ಅನ್ನುತ್ತದಲ್ಲ, ಅದರ ಬೆಲೆ ನಮ್ಮ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕೈಯಲ್ಲಿರುವುದರಿಂದ ಏನು ಮಾಡಬಹುದು? ಸಿಆರ್‌ಪಿಗಳಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪನ್ನು (ಕ್ಲಸ್ಟರು) ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳಿಗೆ, ನನ್ನದೊಂದು ಬೇಡಿಕೆ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅರ್ಧ ತಾಸು ಒಂದು ಮಗುವಿಗೆ ಇಡಿ. ಒಬ್ಬ ಟೀಚರ್ ತಮ್ಮ ತರಗತಿಯ ಒಂದು ಮಗುವಿನ ಬಗ್ಗೆ ಹೇಳಲಿ. ಏನು ಬರುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ತಾವು ಏನು ಮಾಡಿ ನೋಡಿದ್ದೇವೆ. ಮಗುವಿನ ಒಂದು ನೋಟ್‌ಪುಸ್ತಕ ತರಲಿ. ಉಳಿದವರು ಉಪದೇಶ ಮಾಡಬೇಡಿ, ಪ್ರಶ್ನೆ ಕೇಳಿ. ಒಂದು ಹೊಸ ಪ್ರಯತ್ನ ತೀರ್ಮಾನಿಸಿ. ಮುಂದಿನ ತಿಂಗಳು ಅದು ಏನಾಯಿತು ಅಂತ ಅಲ್ಲೇ ಕೇಳಿ. ಸಾಧ್ಯವಾದಾಗ ಬಿಐಇಆರ್‌ಟಿ ಬರಲಿ, ಬರದಿದ್ದರೂ ನಡೆಯಲಿ.

ಮುಖ್ಯ ಗುರುಗಳಿಗೂ ಒಂದು ಮಾತು. ಶೌಚಾಲಯಕ್ಕೆ ಹೋಗಲು ಸಹಾಯ ಬೇಕಾದ ಮಗು ಇದ್ದರೆ ಆ ಕೆಲಸ ಪೂರ್ತಿ ಒಬ್ಬ ಟೀಚರ್ ಮೇಲೆ ಬೀಳದಂತೆ ನೋಡಿ. ಸದ್ದಿಲ್ಲದೆ ಇದನ್ನೆಲ್ಲ ಮಾಡುವ ಟೀಚರ್‌ಗಳಿದ್ದಾರೆ. ಅವರಿಗೆ ಸುಸ್ತಾಗುತ್ತದೆ, ಬೇಜಾರಾಗುತ್ತದೆ. ವರ್ಷವಿಡೀ ದುಡಿದು ಮಗು ಎರಡು ಅಕ್ಷರ ಕಲಿತಾಗ, ಮೇಲಿನಿಂದ ಬಂದವರು “ಫಲಿತಾಂಶ ಎಷ್ಟು?” ಅಂದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಎರಡು ಅಕ್ಷರವನ್ನು ನೀವಾದರೂ ಬರೆದಿಡಿ, ಎಲ್ಲರ ಮುಂದೆ ಹೇಳಿ.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು. ಅದನ್ನೂ ಬರೆಯುತ್ತಿದ್ದೇನೆ.

ಒಬ್ಬ ಶಿಕ್ಷಕರು ಕೇಳಿದರು: “ಮೇಡಂ, ಒಂದು ಮಗುವಿಗೆ ಇಷ್ಟು ಸಮಯ ಕೊಟ್ಟರೆ ಉಳಿದ ಮಕ್ಕಳ ಗತಿ ಏನು?” ಸರ್, ನಾನು ಹೇಳಿದ್ದನ್ನು ಒಮ್ಮೆ ನೋಡಿ. ಮಕ್ಕಳ ಕಡೆ ಮುಖ ಮಾಡಿ ಮಾತಾಡಿ ಅಂದೆ. ಅದರಿಂದ ಯಾವ ಮಗುವಿಗೆ ನಷ್ಟ? ಪದ ಒಡೆದು ಹೇಳಿಸಿ ಅಂದೆ. ತಾಂಡಾದಿಂದ ಬಂದ ಮಗುವಿಗೂ ಅದೇ ಬೇಕು. ದೊಡ್ಡದಾಗಿ, ಹೊಳಪಿಲ್ಲದ ಬೋರ್ಡಿನ ಮೇಲೆ ಬರೆದರೆ ಕಣ್ಣು ಮಂದ ಇರುವ ಮಗುವಿಗೂ ಕಾಣುತ್ತದೆ, ಹಿಂದೆ ಕೂತವರಿಗೂ ಕಾಣುತ್ತದೆ. ಇಡೀ ದಿನ ನೀವೊಬ್ಬರೇ ಪಕ್ಕದಲ್ಲಿ ಕೂರಬೇಕಾದ ಮಕ್ಕಳೂ ಇದ್ದಾರೆ, ನಿಜ. ಅವರಿಗೆ ಇನ್ನೊಂದು ಜೊತೆ ಕೈ ಬೇಕೇ ಬೇಕು. ಅದಕ್ಕೇ ಆ 10ಕ್ಕೊಬ್ಬರ ಲೆಕ್ಕವನ್ನು ಕೇಳಿ ಪಡೆಯಿರಿ ಅಂದದ್ದು.

ಇನ್ನೊಬ್ಬರು ಯಲಬುರ್ಗಾ ಕಡೆಯ ತಂದೆ. “ಅಕ್ಕಾರ, ನನ್ನ ಮಗಳಿಗೆ ಕೈಕಾಲಾಗ ಶಕ್ತಿ ಇಲ್ಲ, ಮಾತೂ ಇಲ್ಲ. ಸಾಲಿಗೆ ಹೆಂಗ ಕಳಸ್ಲಿ? ಬಿದ್ಲು ಗಿದ್ಲು ಅಂದ್ರ ಯಾರ್ ನೋಡ್ಕೋತಾರ?” ಅಣ್ಣಾರ, ತೀವ್ರ ಅಂಗವಿಕಲತೆ ಇರುವ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ. ಮೊದಲು ನಿಮ್ಮೂರಿನ ಶಾಲೆಯಲ್ಲಿ ಮಗಳ ಹೆಸರು ದಾಖಲಾಗಬೇಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅವರು ಸಹಾಯ ಮಾಡುತ್ತಾರೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನವೂ ಇದೆ, ಅದನ್ನೂ ಕೇಳಿ. ಕಲಿಸಲು ಮನೆಗೆ ಬಂದವರು ಮಗಳನ್ನು ಹೇಗೆ ಕೂರಿಸಬೇಕು, ಹೇಗೆ ಉಣ್ಣಿಸಬೇಕು, ಹೌದು-ಇಲ್ಲ ಅಂತ ಅವಳು ಕಣ್ಣಿನಿಂದ ಹೇಗೆ ಹೇಳಬಹುದು ಅಂತ ಅವಳ ಅವ್ವನಿಗೆ ತೋರಿಸಿಕೊಡಬೇಕು. ಬರೀ ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಹೋದರೆ ಬಿಡಬೇಡಿ. ವಾರಕ್ಕೊಂದು ದಿನವಾದರೂ ಮಗಳನ್ನು ಶಾಲೆಗೆ ಕರೆದುಕೊಂಡು ಹೋಗಿ, ಮಕ್ಕಳ ನಡುವೆ ಕೂರಲಿ. ಊರು, ಮಗಳ ವಯಸ್ಸು ಒಂದು ಚೀಟಿಯಲ್ಲಿ ಬರೆದುಕೊಡಿ. ನಿಮ್ಮ ಕ್ಲಸ್ಟರಿನ ಸಿಆರ್‌ಪಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಹೋಗುವ ಮೊದಲು ಇಬ್ಬರೂ ಮಾತಾಡಿ ದಿನ ಗೊತ್ತು ಮಾಡಿಕೊಳ್ಳಿ.